ನಾಲ್ಕೂವರೆ ಇಂಚಿನ ಗೋಡೆ

ಮೌನಪ್ಪ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ, ಹುಡುಕಿ ಕೇಳಬೇಕು. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದ ಅವನ ಮಾತು ಹಾಸಿಗೆ ಮುಟ್ಟಿದ ಮೇಲೇ ನಿಲ್ಲುತ್ತಿತ್ತು. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಹೈದರಾಬಾದಿಗೆ ಬಂದವನು ಹದಿನೆಂಟು ವರ್ಷದಲ್ಲಿ ಸ್ವಂತ ಕಂಪನಿ ಮಾಡಿದ್ದ. ಕಂಪನಿ ಅಂದರೆ ಮಿಯಾಪುರದಲ್ಲೊಂದು ಸಣ್ಣ ಮಳಿಗೆ, ಒಂಬತ್ತು ಮಂದಿ ಕೆಲಸಗಾರರು, ಒಂದು ಮೊಬೈಲು. ಹಳೆ ಮನೆ ಹೊಸದು ಮಾಡುವುದು ಅವನ ಕಸುಬು. ಸಾಫ್ಟ್‌ವೇರ್ ಮಂದಿ ಊರು ತುಂಬಿದ ಮೇಲಂತೂ ಎಲ್ಲರಿಗೂ ಓಪನ್ ಕಿಚನ್ ಹುಚ್ಚು ಹಿಡಿಯಿತು. ಹಾಲಿಗೂ ಅಡುಗೆಮನೆಗೂ ನಡುವೆ ಗೋಡೆ ಇರಕೂಡದು. ಮೌನಪ್ಪ ಸುತ್ತಿಗೆ ಎತ್ತಿದ್ದೇ ಎತ್ತಿದ್ದು.

ಹೀಗಿರುವಾಗ ಒಂದು ದೊಡ್ಡ ಕೆಲಸ ಕಣ್ಣಿಗೆ ಬಿತ್ತು. ಮಿಯಾಪುರದ್ದೇ ಅಪಾರ್ಟ್‌ಮೆಂಟು, ಹದಿನೆಂಟು ಮನೆ, ಹದಿನೆಂಟು ಅಡುಗೆಮನೆ. ಅಲ್ಲಿನ ಸಂಘದ ಕಾರ್ಯದರ್ಶಿ ಸ್ನೇಹಲತಾ, ಕಲಬುರಗಿ ಹೆಣ್ಣುಮಗಳು, ದಿನಾ ಹೈಟೆಕ್ ಸಿಟಿಗೆ ಹೋಗಿ ಬರುವವಳು. ಕನ್ನಡದಲ್ಲೇ ಮಾತಾಡಿಸಿದಳಲ್ಲ, ಮೌನಪ್ಪ ಆಗಲೇ ಕೆಲಸ ಸಿಕ್ಕಿತು ಅಂದುಕೊಂಡ.

"ಎಲ್ಲಾ ಛಲೋ ಐತ್ರಿ. ಸರ್ಟಿಫಿಕೇಟ್ ಐತೇನ್ರಿ ನಿಮ್ಮ ಹತ್ರ?" ಅಂದಳು.

ಮೌನಪ್ಪ ಎರಡೂ ಅಂಗೈ ಅಗಲಿಸಿ ತೋರಿಸಿದ. "ಇವೇ ನೋಡ್ರಿ ಮೇಡಂ ನನ್ನ ಸರ್ಟಿಫಿಕೇಟು!"

ಸ್ನೇಹಲತಾ ನಕ್ಕಳು. "ಇವನ್ನ ಫೈಲಿನ್ಯಾಗ ಹಚ್ಚಾಕ ಬರೂದಿಲ್ಲಲ್ರಿ. ನಮ್ಮ ಸಂಘದ ರೂಲ್ ಹಂಗೈತಿ. ಈ ತಿಂಗಳ ಕೊನಿ ಒಳಗ ತೊಗೊಂಡ ಬರ್ರಿ."

ಮೌನಪ್ಪ ಮನೆಗೆ ಬಂದು ಇಡೀ ಸಂಜೆ ಕಾಗದ ಕೇಳುವ ಜಗತ್ತನ್ನು ಬೈದ. ಹೆಂಡತಿ ಗದಿಗೆಮ್ಮ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡಳು. ಮರುದಿನವೇ ಬಸ್ಸು ಹತ್ತಿ ನಾರಾಯಣಗೂಡದ ಕೋಚಿಂಗ್ ಸೆಂಟರೊಂದಕ್ಕೆ ಹೋಗಿ ಗಂಡನ ಹೆಸರು ಬರೆಸಿ ಬಂದಳು. ಮನೆ ದುರಸ್ತಿ ಗುತ್ತಿಗೆದಾರರ ಕೋರ್ಸು, ನಾಲ್ಕು ಭಾನುವಾರ ಪಾಠ, ಕೊನೇ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಪರೀಕ್ಷೆ. ತಪ್ಪಿದರೆ ಮತ್ತೆ ಮೂರು ತಿಂಗಳಿಗೇ.

"ಏನ ಮಾಡಿಬಿಟ್ಟೆ ನೀನು? ಈ ವಯಸ್ಸಿನ್ಯಾಗ ನಾ ಸಾಲಿಗೆ ಹೋಗ್ಲೇನು?"

"ಹೋಗ್ರಿ. ಅಲ್ಲ್ಯರ ಮಾಸ್ತರು ಮಾತಾಡೂ ಹೊತ್ತಿನ್ಯಾಗ ನೀವು ಸುಮ್ಮಕಿರತೀರಿ" ಅಂದಳು ಗದಿಗೆಮ್ಮ.

ಪಾಠ ಹೇಳುತ್ತಿದ್ದವರು ಅಮರಯ್ಯ, ರಾಯಚೂರಿನವರು, ನಿವೃತ್ತ ಎಂಜಿನಿಯರು. ಮೊದಲ ಮೂರು ಭಾನುವಾರ ಮೌನಪ್ಪ ಹಿಂದಿನ ಬೆಂಚಿನಲ್ಲಿ ಕೂತು ಸಿಮೆಂಟಿನ ಪಾಠಕ್ಕೆ ಆಕಳಿಸಿದ, ನಲ್ಲಿ ಪೈಪಿನ ಪಾಠಕ್ಕೆ ತೂಕಡಿಸಿದ, ಕರೆಂಟಿನ ಪಾಠಕ್ಕೆ ಗೊರಕೆಯನ್ನೇ ಹೊಡೆದ. ಕಾಗದ ಒಂದು ಕೈಗೆ ಬಂದರೆ ಸಾಕಾಗಿತ್ತು ಅವನಿಗೆ.

ನಾಲ್ಕನೇ ಭಾನುವಾರ ಬೆಳಿಗ್ಗೆ ಕೊನೇ ಪಾಠ. ಅಮರಯ್ಯ ಕೇಳಿದರು: "ಮಾಳಿಗಿ ಭಾರ ಹೊತ್ತಿರೂ ಗೋಡಿ ಯಾವುದು, ಬರೇ ಅಡ್ಡ ನಿಂತಿರೂ ಗೋಡಿ ಯಾವುದು, ಹೆಂಗ ಗುರುತು ಹಿಡೀತೀರಿ?"

ಮೌನಪ್ಪನ ನಿದ್ದೆ ಹಾರಿತು. ಇದು ಅವನ ಅಖಾಡ. ಎದ್ದು ನಿಂತು, "ಅದರಾಗೇನೈತ್ರೀ ಸರ? ನಾಲ್ಕೂವರಿ ಇಂಚಿನ ಗೋಡಿ ಅಂದ್ರ ಅಡ್ಡಗೋಡಿ. ಕಣ್ಣು ಮುಚ್ಚಿ ಒಡೀಬೌದು. ನಾನು ಎಷ್ಟು ಒಡದೀನೋ!" ಅಂದ.

"ಕಣ್ಣು ತೆರೆದು ಒಡೀಬೇಕಪಾ" ಅಂದರು ಅಮರಯ್ಯ, ಬೋರ್ಡಿನ ಮೇಲೆ ಗೆರೆ ಎಳೆಯುತ್ತ. "ಇಲ್ಲಿ ಹಳೆ ಮನಿಗೋಳ ಮಾಳಿಗಿ ನೋಡೀರಿಲ್ಲ? ಕಬ್ಬಿಣದ ತೊಲಿ, ಅಂದ್ರ ಗರ್ಡರು, ಅದರ ಮ್ಯಾಗ ಹಾಸಿದ ಫರಸಿ ಕಲ್ಲು. ಉದ್ದನ ಗರ್ಡರ್ ಸಿಗಲಾರದಾಗ ಎರಡು ತುಂಡು ತಂದು ಒಂದು ಗೋಡಿ ತಲಿ ಮ್ಯಾಗ ಕೂಡಿಸತಿದ್ರು. ಜೋಡಿಗೆ ಒಂದು ಪಟ್ಟಿ, ನಾಲ್ಕು ಬೋಲ್ಟು. ಆ ಗೋಡಿ ತೆಳ್ಳಗಿದ್ರೂ ಭಾರ ಹೊರೂದು ಅದೇ. ಅದನ್ನ ತೆಗೆದ್ರ ಇಡೀ ಮಾಳಿಗಿ ಆ ನಾಲ್ಕು ಬೋಲ್ಟಿನ ಮ್ಯಾಗ."

ಮೌನಪ್ಪ ಕೂತುಬಿಟ್ಟ. ಆ ಪಟ್ಟಿ ಅವನು ನೋಡಿದ್ದ. ಗೋಡೆ ಒಡೆದಾಗ ಕಣ್ಣಾರೆ ನೋಡಿ, ಹಳೆ ಕಾಲದ ತೇಪೆ ಅಂದುಕೊಂಡು, ಅದರ ಕೆಳಗೆ ಬೆಳ್ಳಗೆ ಫಾಲ್ಸ್ ಸೀಲಿಂಗ್ ಹೊಡೆಸಿ ಮುಚ್ಚಿದ್ದ. ಎಂಟು ತಿಂಗಳ ಹಿಂದೆ. ಇಲ್ಲಿಂದ ಎರಡೇ ಗಲ್ಲಿ ಆಚೆ, ಶಾರದಾಬಾಯಿಯವರ ಮನೆಯಲ್ಲಿ.

ಊಟದ ಬಿಡುವು ಆದದ್ದೇ ತಡ, ಓಡಿದ.

ಶಾರದಾಬಾಯಿ ನಿವೃತ್ತ ಟೀಚರು. ಮಗಳು ವನಜಾ ಹಟ ಹಿಡಿದಳು ಅಂತ ಓಪನ್ ಕಿಚನ್ ಮಾಡಿಸಿದ್ದರು. ಬಾಗಿಲಲ್ಲೇ ಮೌನಪ್ಪನನ್ನು ಕಂಡು ಹಿಗ್ಗಿದರು. "ಬಾರಪಾ, ಬಾ! ನೀ ಕೆಲಸ ಮಾಡಿ ಹೋದಾಗಿಂದ ಈ ಮನಿಗೆ ಲಕ್ಷಣ ಬಂದೈತಿ ನೋಡು. ಹಲ್ಲಿ ಸುದ್ದಾ ನುಡ್ಯಾಕತ್ತೈತಿ!"

"ಹಲ್ಲೀರಿ?"

"ಹೂಂ ಮತ್ತ. ನಾ ಏನರ ಅಂದ್ರ ಸಾಕು, ಮ್ಯಾಲಿಂದ ಟಕ್ ಅಂತ ಖರೇ ಮಾಡತೈತಿ. ನಮ್ಮ ವನಜಾಗ ಈ ವರ್ಷ ವರ ಕೂಡಿ ಬರತೈತಿ ಅಂದೆ, ಟಕ್! ನನ್ನ ಮೊಣಕಾಲು ನೋವು ಹೋಗತೈತಿ ಅಂದೆ, ಟಕ್! ಎರಡು ತಿಂಗಳಾತು, ದಿನಾ ಹಿಂಗ."

ಆಗಲೇ ಮೇಲಿಂದ ಸದ್ದಾಯಿತು. ಟಕ್.

"ನೋಡಿದೇನು!" ಅಂದರು ಶಾರದಾಬಾಯಿ, ಕೈ ಮುಗಿದು.

ಮೌನಪ್ಪ ತಲೆ ಎತ್ತಿ ಸೀಲಿಂಗ್ ನೋಡಿದ. ಹಲ್ಲಿಯ ಲೊಚಗುಟ್ಟುವಿಕೆ ಅವನಿಗೆ ಗೊತ್ತಿಲ್ಲವೇ? ಇದು ಕಬ್ಬಿಣದ ಸದ್ದು. "ಬಾಯಾರ, ವನಜಾ ಮೇಡಂನ ಕರಕೊಂಡು ಮೊದಲ ಹೊರಗ ಬರ್ರಿ. ಆಮ್ಯಾಗ ಹೇಳತೀನಿ" ಅಂದ. ಇಬ್ಬರೂ ಅಂಗಳಕ್ಕೆ ಬಂದ ಮೇಲೆ ಸ್ಟೂಲು ಹಾಕಿ ಹತ್ತಿ ಸೀಲಿಂಗಿನ ಒಂದು ತುಂಡು ಕಿತ್ತ. ನಾಲ್ಕು ಬೋಲ್ಟಿನಲ್ಲಿ ಒಂದು ತುಂಡಾಗಿ ಹೋಗಿತ್ತು. ಇನ್ನೊಂದು ವಾಲಿತ್ತು. ಗರ್ಡರಿನ ತುದಿ ಎರಡು ಬೆರಳಷ್ಟು ಕೆಳಗಿಳಿದಿತ್ತು.

ಕೆಳಗಿಳಿದು ಅಂಗಳದಲ್ಲಿ ನಿಂತ. ಮನೆ ಹಳೇದಾಗಿದೆ ಬಾಯಾರ, ಅಂದುಬಿಟ್ಟಿದ್ದರೆ ಆ ತಾಯಿ ನಂಬುತ್ತಿದ್ದರು. ಕಣ್ಣಾರೆ ಕಂಡವರು ಯಾರೂ ಇರಲಿಲ್ಲ.

"ತಪ್ಪು ನಂದ್ರಿ" ಅಂದ ಕೊನೆಗೆ. "ಒಡೀಬಾರದ ಗೋಡಿ ಒಡದೀನಿ. ನಂಗ ಗೊತ್ತಿರಲಿಲ್ಲ. ಗೊತ್ತೈತಿ ಅಂತ ತಿಳಕೊಂಡಿದ್ದೆ."

ಶಾರದಾಬಾಯಿ ಒಮ್ಮೆ ಮಾಳಿಗೆ ಕಡೆ, ಒಮ್ಮೆ ಅವನ ಕಡೆ ನೋಡಿದರು. "ಹಂಗಾರ ಅದು ಹಲ್ಲಿ ಅಲ್ಲೇನೋ?" ಅಂದರು, ಭಾಳ ನಿರಾಸೆಯಿಂದ.

ಮೌನಪ್ಪ ಮತ್ತೆ ಕ್ಲಾಸಿಗೆ ಓಡಿದ. ಮೂವತ್ತು ಮಂದಿಯ ಎದುರಿಗೆ, ಏದುಸಿರು ಬಿಡುತ್ತಲೇ, ತಾನು ಮಾಡಿದ್ದೆಲ್ಲ ಹೇಳಿದ. ಬೆಳಿಗ್ಗೆ ಎಲ್ಲ ಬಲ್ಲವನಂತೆ ಎದ್ದು ನಿಂತವನು ಈಗ ತಲೆ ತಗ್ಗಿಸಿ, "ಮಾಳಿಗಿ ಬೀಳಧಂಗ ಹೆಂಗ ಆನಿಕಿ ಕೊಡಲಿ ಹೇಳ್ರಿ ಸರ" ಅಂದ. ಯಾರೂ ನಗಲಿಲ್ಲ.

ಅಮರಯ್ಯ ಹಾಳೆಯ ಮೇಲೆ ಬರೆದುಕೊಟ್ಟರು: ಎಲ್ಲಿ ಹಲಗೆ, ಭಾರ ಎತ್ತಿ ಹಿಡಿಯುವ ಜಾಕಿ ಎಲ್ಲಿ, ಯಾವುದು ಮೊದಲು. ಆಮೇಲೆ ಗಡಿಯಾರ ನೋಡಿದರು. "ಒಂದೂವರಿ ಆತು. ಎರಡಕ್ಕ ಪರೀಕ್ಷಾ. ಅದನ್ನ ಮುಂದ ಹಾಕೂದು ನನ್ನ ಕೈಯಾಗಿಲ್ಲಪಾ."

"ಗೊತ್ತೈತ್ರಿ" ಅಂದ ಮೌನಪ್ಪ, ಹಾಳೆ ಮಡಚಿ ಅಂಗಿ ಕಿಸೆಗೆ ಹಾಕಿಕೊಂಡು.

ಎರಡಕ್ಕೆ ಪರೀಕ್ಷೆಯ ಗಂಟೆ ಬಾರಿಸುವಾಗ ಅವನು ಪಕ್ಕದಲ್ಲಿ ಕಟ್ಟುತ್ತಿದ್ದ ಕಟ್ಟಡದಿಂದ ತಂದ ಮೊದಲ ಜಾಕಿ ತಿರುಗಿಸುತ್ತಿದ್ದ. ನಾಲ್ಕೂವರೆಗೆ ಅಮರಯ್ಯ ಪರೀಕ್ಷೆ ಮುಗಿಸಿ ಇಡೀ ಕ್ಲಾಸನ್ನೇ ಕರೆದುಕೊಂಡು ಬಂದರು. ಜಾಕಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಸರಿಯಾಗೈತಿ. ಈಗ ಇದಕ್ಕ ಹೊಸ ಕಂಬ ನಿಲ್ಲಿಸೂದು ನಾ ನಿಂತು ತೋರಸ್ತೀನಿ" ಅಂದರು. ಅಷ್ಟೂ ಮಂದಿಗೆ ಶಾರದಾಬಾಯಿ ಅಂಗಳದಲ್ಲೇ ಒಲೆ ಹೂಡಿ ಚಹಾ ಮಾಡಿದರು.

ಸ್ನೇಹಲತಾಳ ಮುಂದೆ ಹೋಗಿ ನಿಲ್ಲುವುದೇ ಕಷ್ಟವಾಯಿತು. ಒಂದೂ ಬಿಡದೆ ಹೇಳಿದ. ಅವಳು ಕೇಳಿ, "ರೂಲ್ ಅಂದ್ರ ರೂಲ್ ರಿ. ಹದಿನೇಳು ಮನಿ ಬ್ಯಾರೆಯವರಿಗೆ ಹೋಗತಾವ" ಅಂದಳು. ಮೌನಪ್ಪ ತಲೆಯಾಡಿಸಿ ಏಳುವಷ್ಟರಲ್ಲಿ, "ಕೂಡ್ರಿ ಮಾರಾಯರ! ನಮ್ಮ ಮನಿದು ಮೂರು ತಿಂಗಳು ಕಾಯತೈತಿ. ಹೆಂಗೂ ನಂಗ ಅಡಿಗಿ ಮಾಡಾಕ ಪುರಸೊತ್ತಿಲ್ಲ" ಅಂದಳು.

ಮುಂದಿನ ಕೋರ್ಸಿಗೆ ಮೌನಪ್ಪ ಮುಂದಿನ ಬೆಂಚಿನಲ್ಲೇ ಕೂತ. ಪ್ರಶ್ನೆ ಕೇಳಿ ಕೇಳಿ ಅಮರಯ್ಯನವರ ತಲೆ ತಿಂದ. ಕಾಗದ ಕೈಗೆ ಬಂತು, ಗದಿಗೆಮ್ಮ ಅದಕ್ಕೆ ಕಟ್ಟು ಹಾಕಿಸಿದಳು. ಮಳಿಗೆಯಲ್ಲಿ ತೂಗುಹಾಕುವ ಮೊದಲು ಗಂಡಹೆಂಡತಿ ಶಾರದಾಬಾಯಿಯವರಿಗೆ ತೋರಿಸಲು ಹೋದರು.

ಹೊಸ ಕಂಬಕ್ಕೆ ಒರಗಿ ಕೂತಿದ್ದ ಶಾರದಾಬಾಯಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. "ಛಲೋ ಆತಪಾ. ಇನ್ನ ನಿನ್ನ ಕೈಯಾಗಿಂದ ಯಾರ ಮನಿಗೂ ಕೇಡಾಗೂದಿಲ್ಲ" ಅಂದರು.

ಮೇಲಿಂದ ಸದ್ದು ಬಂತು. ಲೊಚ್, ಲೊಚ್, ಲೊಚ್.

ಟ್ಯೂಬ್‌ಲೈಟಿನ ಪಕ್ಕ ದಪ್ಪನೆಯ ಹಲ್ಲಿಯೊಂದು ಬಾಲ ಆಡಿಸುತ್ತಿತ್ತು. "ಹಲ್ಲಿ! ಖರೇ ಖರೇ ಹಲ್ಲಿ!" ಅಂತ ಶಾರದಾಬಾಯಿ ಚಪ್ಪಾಳೆ ತಟ್ಟಿ ನಕ್ಕರು. ಗದಿಗೆಮ್ಮನೂ ನಕ್ಕಳು.

ಮೌನಪ್ಪನೂ ನಕ್ಕ. ನಗುತ್ತಲೇ ಮೂಲೆಯ ಸ್ಟೂಲು ಎಳೆದುಕೊಂಡ, ಬ್ಯಾಟರಿ ಟಾರ್ಚು ತರಿಸಿಕೊಂಡ, ಹತ್ತಿ ಹೊಸ ಕಂಬದ ಮೇಲಿನ ಬೋಲ್ಟುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದ.