ಹದಿನೆಂಟನೆಯ ಸೂಜಿ

ಊಟಿಯ ಆ ಆಸ್ಪತ್ರೆಯ ವೃದ್ಧರ ವಾರ್ಡಿನಲ್ಲಿ ಹದಿನೆಂಟು ಜನ ಕೆಲಸಕ್ಕಿದ್ದರು. ಹದಿನೆಂಟೂ ಜನಕ್ಕೆ ಚಳಿಗಾಲದ ಫ್ಲೂ ಸೂಜಿ ಹಾಕಿಸುವ ಹೊಣೆಯನ್ನು ಮೇಟ್ರನ್ ನರ್ಸ್ ಸತ್ಯಾಳ ತಲೆಗೆ ಕಟ್ಟಿದ್ದರು. ಸತ್ಯಾ ಬಿಡುವವಳೇ? ಸೂಜಿ ಕಂಡು ಓಡಿದ ಅಟೆಂಡರ್ ಮಹಾಲಿಂಗಂನನ್ನು ಚಹಾ ಅಂಗಡಿಯವರೆಗೆ ಅಟ್ಟಿಸಿಕೊಂಡು ಹೋಗಿ ಹಿಡಿದು ತಂದಿದ್ದಳು.

"ಮುದುಕರ ಮೈಗೆ ಸೂಜಿ ಅಷ್ಟು ಗಟ್ಟಿಯಾಗಿ ಹಿಡಿಯಲ್ಲ ಅಣ್ಣಾ. ಅವರ ಸುತ್ತ ಇರೋ ನಾವು ಹಾಕ್ಸ್ಕೊಂಡ್ರೇ ಅವರಿಗೆ ಬೇಲಿ," ಎಂದು ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಅವಳ ಗಂಟಲೇ ಕಟ್ಟಿಹೋಗಿತ್ತು. ಹಾಕಿಸಿಕೊಂಡವರ ಹೆಸರಿಗೆ ಗೋಡೆಯ ಹಾಳೆಯಲ್ಲಿ ಟಿಕ್ ಹಾಕಿ, ಕೊರಳಲ್ಲಿ ನೇತಾಡುವ ಅವರ ಗುರುತಿನ ಚೀಟಿಗೆ ಒಂದು ಹಸಿರು ಸ್ಟಿಕ್ಕರ್ ಅಂಟಿಸುತ್ತಿದ್ದಳು.

ಹದಿನಾರು ಜನಕ್ಕೆ ತಾನೇ ಚುಚ್ಚಿದಳು, ತಾನು ಮೇಟ್ರನ್ ಕೈಯಲ್ಲಿ ಹಾಕಿಸಿಕೊಂಡದ್ದೂ ಸೇರಿ ಹದಿನೇಳಾಯಿತು. ಹದಿನೆಂಟನೆಯವಳು ಕವಿತಾ. ಇಬ್ಬರೂ ಒಂದೇ ಹಟ್ಟಿಯವರು, ನರ್ಸಿಂಗ್ ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ಹೊರಟ ಕವಿತಾ ತೋಳು ಮಡಚಿ ತೋರಿಸಿದಳು. ಅಲ್ಲೊಂದು ಪ್ಲಾಸ್ಟರ್ ಇತ್ತು. "ನೈಟ್ ಡಾಕ್ಟರ್ ಕೈಲೇ ಹಾಕ್ಸ್ಕೊಂಡ್‌ಬಿಟ್ಟೆ ಕಣೇ. ಟಿಕ್ ಹಾಕು." ಸತ್ಯಾ ಮರುಮಾತಿಲ್ಲದೆ ಟಿಕ್ ಹಾಕಿದಳು, ಸ್ಟಿಕ್ಕರನ್ನೂ ತಾನೇ ಅಂಟಿಸಿದಳು. ಗೋಡೆಯ ಹಾಳೆಯ ಮೇಲೆ 'ನೂರಕ್ಕೆ ನೂರು' ಎಂದು ಬರೆದು, ಮೇಟ್ರನ್ ಕೊಟ್ಟ ಲಡ್ಡುವಿನಲ್ಲಿ ಅರ್ಧ ಕವಿತಾಳ ಬಾಯಿಗೇ ಇಟ್ಟಳು.

ಆ ಹಾಳೆಯನ್ನು ನಂಬಿಯೇ ತನ್ನ ಹೆತ್ತೆಯನ್ನು, ಅಂದರೆ ಅಜ್ಜಿ ಪಾಪಾತಿಯನ್ನು, ಅದೇ ವಾರ್ಡಿಗೆ ಸೇರಿಸಿದಳು. ಚಹಾ ತೋಟದ ಇಳಿಜಾರಿನಲ್ಲಿ ಜಾರಿ ಬಿದ್ದು ಹೆತ್ತೆಯ ಸೊಂಟದ ಮೂಳೆ ಮುರಿದಿತ್ತು. ಮನೆಯವರು ಮನೆಯಲ್ಲೇ ಕಟ್ಟು ಕಟ್ಟಿಸೋಣ ಅಂದಿದ್ದರು. ಸತ್ಯಾ ಹಟ ಹಿಡಿದಳು. "ನಮ್ಮ ವಾರ್ಡಲ್ಲಿ ಎಲ್ಲರಿಗೂ ಸೂಜಿ ಆಗಿದೆ, ಹೆತ್ತೆಗೆ ಏನೂ ಆಗಲ್ಲ. ನನ್ನ ಮಾತು ನಂಬಿ," ಎಂದಿದ್ದಳು.

ದಿನಾ ಬೆಳಿಗ್ಗೆ ಕವಿತಾ ಬಂದು ಮಂಚದ ಪಕ್ಕ ತಲೆ ಬಾಗಿಸುತ್ತಿದ್ದಳು. ಬಡಗರ ಮನೆಯಲ್ಲಿ ಹಿರಿಯರ ಮುಂದೆ ಹಾಗೆ ತಲೆ ಬಾಗಬೇಕು, ಹಿರಿಯರು ತಲೆ ಮುಟ್ಟಿ ಹರಸಬೇಕು. ಹೆತ್ತೆ ನೋವಿನಲ್ಲೂ ಮುಂದಕ್ಕೆ ಬಗ್ಗಿ ಅವಳ ನೆತ್ತಿಯ ಮೇಲೆ ಕೈಯಿಟ್ಟು, "ಬದುಕು ಹೆಣ್ಣೇ, ಚೆನ್ನಾಗಿ ಬದುಕು," ಅನ್ನುತ್ತಿದ್ದಳು. ಆ ಗಳಿಗೆಯಲ್ಲಿ ಇಬ್ಬರ ಮುಖಗಳ ನಡುವೆ ಒಂದು ಗೇಣಿನ ಅಂತರವೂ ಇರುತ್ತಿರಲಿಲ್ಲ.

ಮೂರನೆಯ ದಿನ ಕವಿತಾ ಕೆಮ್ಮುತ್ತಲೇ ಬಗ್ಗಿದಳು. "ಏನೇ ಅದು?" ಎಂದರೆ, "ಮಂಜಿನ ಗಾಳಿ ಕಣೇ, ಗಂಟಲು ಕೆರೀತಿದೆ," ಎಂದಳು. ಸತ್ಯಾ ಅವಳ ಕೊರಳಲ್ಲಿದ್ದ ಹಸಿರು ಸ್ಟಿಕ್ಕರ್ ನೋಡಿ ಸುಮ್ಮನಾದಳು.

ಆಮೇಲೆ ಎರಡು ದಿನಕ್ಕೆ ಹೆತ್ತೆಗೆ ಜ್ವರ ಏರಿತು, ಉಸಿರು ಕಟ್ಟತೊಡಗಿತು. ಪರೀಕ್ಷೆ ಮಾಡಿದರೆ ಫ್ಲೂ. ಅಷ್ಟರಲ್ಲಿ ಜ್ವರ ಬಂದು ರಜೆ ಹಾಕಿದ್ದ ಕವಿತಾಳಿಗೂ ಅದೇ. ಮಹಾಲಿಂಗಂ ಗೊಣಗಿದ. "ನನ್ನ ಅಟ್ಟಾಡ್ಸಿ ಚುಚ್ಚಿದ್ರಲ್ಲಮ್ಮಾ, ಕವಿತಾ ಸಿಸ್ಟರ್‌ಗೆ ಹೆಂಗೆ ಬಂತು?"

"ಹಾಕ್ಸ್ಕೊಂಡವರಿಗೂ ಒಂದೊಂದು ಸಲ ಬರುತ್ತೆ, ಬಾಯ್ಮುಚ್ಚು!" ಎಂದು ಸತ್ಯಾ ಅವನ ಮೇಲೆ ರೇಗಿದಳು. ಗೆಳತಿಯ ಮೇಲೆ ಒಂದು ಮಾತು ಬೀಳಲು ಅವಳು ಬಿಡಲಿಲ್ಲ.

ಅದೇ ಮಧ್ಯಾಹ್ನ ಇನ್ಸುಲಿನ್ ತೆಗೆಯಲು ಫ್ರಿಜ್ ಬಾಗಿಲು ತೆರೆದಳು. ಹಿಂದಿನ ಮೂಲೆಯಲ್ಲಿ ಫ್ಲೂ ಸೂಜಿಯ ಡಬ್ಬಿ. ಎತ್ತಿದರೆ ಭಾರ ಅನಿಸಿತು. ಒಳಗೆ ಮದ್ದು ತುಂಬಿದ, ಮುಚ್ಚಳ ತೆಗೆಯದ ಒಂದು ಸೂಜಿ. ಬಂದದ್ದು ಹದಿನೆಂಟು. ಚುಚ್ಚಿದ್ದು ಹದಿನೇಳು.

ಫೋನ್ ಹಚ್ಚಿದಳು. "ಫ್ರಿಜ್ಜಲ್ಲಿ ನಿನ್ನ ಸೂಜಿ ಸಿಕ್ತು."

ಆ ಕಡೆ ಬಹಳ ಹೊತ್ತು ಕೆಮ್ಮು. ಆಮೇಲೆ ಕವಿತಾ ಅಂದಳು, "ಚಿಕ್ಕಪ್ಪನ ಮಗಳ ಮದುವೆ ಇತ್ತಲ್ಲೇ... ಹೋದ ವರ್ಷ ಹಾಕ್ಸ್ಕೊಂಡು ಎರಡು ದಿನ ತೋಳು ಎತ್ತೋಕಾಗಿರ್ಲಿಲ್ಲ. ಮದುವೆ ಆಟದಲ್ಲಿ ಕೈ ಎತ್ತಿ ಕುಣೀಬೇಕಲ್ಲ. ಆಮೇಲೆ ಹಾಕ್ಸ್ಕೊಳ್ಳೋಣ ಅಂತಿದ್ದೆ, ಮರೆತೇಹೋಯ್ತು. ಹೊಟ್ಟೆಗೆ ಹಾಕ್ಕೊಳ್ಳೇ. ಮೇಟ್ರನ್‌ಗೆ ಹೇಳ್ಬೇಡ."

ಕುಣಿಯುವುದಕ್ಕೆ! ಬೇರೆ ಏನಾದರೂ ಆಗಿದ್ದರೆ, ಭಯವೋ, ಮೈಗೆ ಒಗ್ಗದ್ದೋ ಆಗಿದ್ದರೆ, ಸತ್ಯಾ ಅತ್ತಾದರೂ ಸಹಿಸುತ್ತಿದ್ದಳೇನೋ. ಬರಿಯ ತೋಳಿಗೆ ಪ್ಲಾಸ್ಟರ್ ಅಂಟಿಸಿಕೊಂಡು ಬಂದು ಕಣ್ಣಲ್ಲಿ ಕಣ್ಣಿಟ್ಟು ನಕ್ಕಳಲ್ಲ ಇವಳು! ಆ ಲಡ್ಡುವನ್ನು ಹೇಗೆ ನುಂಗಿದಳು?

"ಕೆಮ್ಮು ಬಂದ ದಿನವಾದ್ರೂ ಹೇಳ್ಬಹುದಿತ್ತು ಕವಿತಾ. ಅವತ್ತೂ ಹೆತ್ತೆ ಮುಂದೆ ತಲೆ ಬಗ್ಗಿಸಿದೆಯಲ್ಲೇ!" ಫೋನ್ ಇಟ್ಟಳು.

ನೇರ ಮೇಟ್ರನ್ ಕಲೈಸೆಲ್ವಿಯ ಕೋಣೆಗೆ ಹೋಗಿ ಸೂಜಿಯನ್ನು ಮೇಜಿನ ಮೇಲಿಟ್ಟಳು. "ಕವಿತಾ ಹಾಕ್ಸ್ಕೊಂಡಿಲ್ಲ ಮೇಡಂ. ನೋಡದೆ ಟಿಕ್ ಹಾಕಿದವಳು ನಾನು." ಬಂದು ಗೋಡೆಯ ಹಾಳೆಯನ್ನು ಕಿತ್ತು ಹಾಕಿದಳು. ಸಂಜೆ ಮನೆಯಿಂದ ಅಪ್ಪನ ಫೋನ್ ಬಂತು. "ಏನೂ ಆಗಲ್ಲ ಅಂದಿದ್ದೆಯಲ್ಲ ಮಗಳೇ," ಅಷ್ಟೇ ಕೇಳಿದರು.

ಎಂಟು ದಿನ ಕಳೆದರೂ ಹೆತ್ತೆ ಆಮ್ಲಜನಕದ ಮಾಸ್ಕಿನಲ್ಲೇ ಇದ್ದಳು. ಡಾಕ್ಟರು ಏನನ್ನೂ ಖಚಿತವಾಗಿ ಹೇಳುತ್ತಿರಲಿಲ್ಲ. ಗುಣವಾದ ಕವಿತಾ ಮುಖಗವಸು ಹಾಕಿಕೊಂಡು ಬಂದಳು. ಬಾಗಿಲಲ್ಲಿ ತಡೆದು ನಿಂತು, ಆಮೇಲೆ ಮಂಚದ ಹತ್ತಿರ ಬಂದು ತಲೆ ಬಾಗಿಸಿದಳು.

ಹೆತ್ತೆಗೆ ಯಾರೂ ಏನೂ ಹೇಳಿರಲಿಲ್ಲ. ಬಾಗಿದ ತಲೆ ಕಂಡೊಡನೆ, ಡ್ರಿಪ್ ಸೂಜಿ ಸಿಕ್ಕಿಸಿದ್ದ ಆ ಒಣಕಲು ಕೈ ಮೇಲೆದ್ದಿತು. ಮಾಸ್ಕಿನೊಳಗೆ ತುಟಿಗಳು ಅಲುಗಿದವು.

ಸತ್ಯಾ ಆ ಕೈಯನ್ನು ಅರ್ಧದಲ್ಲೇ ಹಿಡಿದಳು. ಮೆಲ್ಲಗೆ ಇಳಿಸಿ, ಕಂಬಳಿಯೊಳಗೆ ಸೇರಿಸಿ, ಅಂಚನ್ನು ಒತ್ತಿ ಮಡಿಸಿದಳು.

ಕವಿತಾ ತಲೆ ಎತ್ತಲಿಲ್ಲ. ಕೈ ಬರುತ್ತದೆಂದು ಕಾಯುತ್ತಲೇ ನಿಂತಿದ್ದಳು.