ತಾಯಿಬೇರು ನೋಡಿಕೊಂಡು

ನಮ್ಮಕ್ಕ ಬಾಡಿಗೆ ಮನೆಗಳಲ್ಲೇ ಅರ್ಧ ಆಯಸ್ಸು ಸವೆಸಿದವಳು. ಹೋದಲ್ಲೆಲ್ಲ ಒಂದು ಮಾವಿನ ಓಟೆ ಹೂಳುವಳು. ಗಿಡ ಎದೆಯುದ್ದ ಬರುವ ಹೊತ್ತಿಗೆ ಮನೆ ಖಾಲಿ ಮಾಡಿ ಅನ್ನುವರು. ಅವಳು ನೆಟ್ಟ ಮರಗಳ ಹಣ್ಣನ್ನು ಯಾರ‍್ಯಾರೋ ತಿಂದು ಓಟೆ ಎಸೆದರು, ಇವಳ ಬಾಯಿಗೆ ಒಂದು ಹೋಳೂ ಬೀಳಲಿಲ್ಲ.

ಈಗ ಎರಡು ಕೋಣೆಯ ಸ್ವಂತ ಮನೆ ಆಯಿತು. ಬಿಡಬೇಕಾದ ಬಾಡಿಗೆ ಮನೆಯಲ್ಲಿ ನೆಟ್ಟ ಗಿಡ ಮಾತ್ರ ಈ ಸಲ ಆಳೆತ್ತರ ಮೀರಿತ್ತು. "ಈ ಗಿಡ ಮಾತ್ರ ಬಿಟ್ಟು ಬರಲ್ಲ ಕಣೇ. ನಾನು ನೆಟ್ಟಿದ್ದರ ಹಣ್ಣು ಒಂದು ಸಲ ತಿನ್ನಬೇಕು, ಅಷ್ಟೇ," ಎಂದು ಹಟ ಹಿಡಿದಳು.

ಸಸಿ ಮಾರುವುದು ನನ್ನ ಕಸುಬು. ಹುಲ್ಲಿನ ಹಾಗೆ ತಂತುಬೇರಿನದಾಗಿದ್ದರೆ ಕಿತ್ತು ಎಲ್ಲಿ ಊರಿದರೂ ಬದುಕುತ್ತಿತ್ತು. ಮಾವು ಹಾಗಲ್ಲ. ಅದರ ತಾಯಿಬೇರು ನೆಟ್ಟಗೆ ಕೆಳಗಿಳಿದು ಮರವನ್ನು ನಿಲ್ಲಿಸುತ್ತದೆ, ಆಳದ ತೇವ ಹುಡುಕುತ್ತದೆ. ಪಕ್ಕದ ಬೇರುಗಳ ತುದಿಯ ಕೂದಲೆಳೆಗಳು ನೀರು ಹೀರುತ್ತವೆ. ಎರಡನ್ನೂ ಮಣ್ಣಿನ ಸಮೇತ ಎತ್ತಿದರೆ ಆಸೆಯುಂಟು.

ಅಗೆಯಲು ಹೋದವರು ನಮ್ಮೆಜಮಾನರು. ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಾರೆ. ಏನು ಹೇಳಿದರೂ 'ಆಗ್ಲಿ' ಅನ್ನುವುದರಿಂದ ಮನೆಮಂದಿಗೆಲ್ಲ ಅವರು ಆಗ್ಲಿಯಪ್ಪ. ಸಸಿ ಕೊಳ್ಳುವವರು ಮುತ್ತಿಕೊಂಡಿದ್ದರು, ನಾನು ಫೋನಿನಲ್ಲೇ ಕೂಗಿದೆ:

"ರೀ, ತಾಯಿಬೇರು ನೋಡ್ಕೊಂಡು ಕತ್ತರಿಸಿ!"

"ಆಗ್ಲಿ."

ಸಂಜೆ ಅಕ್ಕನ ಹೊಸ ಮನೆಗೆ ಹೋದೆ. ಗಿಡವನ್ನು ಆಗಲೇ ನೆಟ್ಟಾಗಿತ್ತು. ವ್ಯಾನಿನೊಳಗೆ ನನ್ನ ಮಣಿಕಟ್ಟಿನಷ್ಟು ದಪ್ಪದ ಬೇರು, ಬುಡದಿಂದ ಒಂದು ಗೇಣಿಗೇ ತುಂಡಾಗಿ ಬಿದ್ದಿತ್ತು. ಪಕ್ಕದ ಬೇರುಗಳನ್ನೂ ನೀಟಾಗಿ ಸವರಿದ್ದರು.

"ಅಯ್ಯೋ, ಏನ್ರೀ ಇದು?"

"ನೀನೇ ಹೇಳಿದ್ದಲ್ವೇನೇ? ತಾಯಿಬೇರು ಯಾವುದು ಅಂತ ಚೆನ್ನಾಗಿ ನೋಡ್ಕೊಂಡೇ ಕತ್ತರಿಸಿದೆ. ಗಟ್ಟಿ ಇತ್ತು ಕಣೇ, ಗರಗಸ ತರಬೇಕಾಯ್ತು."

ಹಣೆ ಚಚ್ಚಿಕೊಳ್ಳಬೇಕೋ ಗಂಡನನ್ನು ಚಚ್ಚಬೇಕೋ ತಿಳಿಯಲಿಲ್ಲ. ಅಂಗೈ ತುಂಬ ಬೊಬ್ಬೆ ಎದ್ದ ಮನುಷ್ಯನನ್ನು ಏನೆಂದು ಬೈಯುವುದು?

ಕೈಲಾದದ್ದೆಲ್ಲ ಮಾಡಿದೆ. ಎಲೆ ಅರ್ಧ ಕಳೆದೆ, ನೆರಳು ಕಟ್ಟಿದೆ, ಬುಡಕ್ಕೆ ಒದ್ದೆ ಗೋಣಿ ಹೊದಿಸಿದೆ. ಕತ್ತರಿಸಿದ್ದನ್ನು ಅಂಟಿಸುವ ವಿದ್ಯೆ ಯಾರಿಗೂ ಬರುವುದಿಲ್ಲ. ವಾರಗಳು ಕಳೆದಂತೆ ಉಳಿದ ಎಲೆಗಳು ಜೋತುಬಿದ್ದವು. ಅಕ್ಕನಿಗೆ ಹೇಳಿಬಿಡೋಣವೆಂದು ಹೋಗುವೆ, ಅವಳ ಮುಖ ನೋಡಿ ಕಾಫಿ ಕುಡಿದು ವಾಪಸು ಬರುವೆ.

ಒಂದು ಬೆಳಿಗ್ಗೆ ಅವಳದೇ ಫೋನು. "ಬೇಗ ಬಾರೇ! ಹೂ ಬಿಟ್ಟಿದೆ!"

ಹೋಗಿ ನೋಡಿದರೆ ಗಿಡದ ತುಂಬ ಹೂಗೊಂಚಲು. ಎಲೆ ಕಾಣದಷ್ಟು. ಬೇರು ಸತ್ತ ಗಿಡ ಎಷ್ಟೋ ಸಲ ಹೀಗೇ ಮಾಡುತ್ತದೆ. ಇನ್ನು ಬದುಕಲ್ಲ ಅಂತಾದ ಮೇಲೆ ಮೈಯಲ್ಲಿ ಉಳಿದದ್ದನ್ನೆಲ್ಲ ಹೂವಿಗೇ ಸುರಿದುಬಿಡುತ್ತದೆ. ಸಸಿ ಮಾರುವವಳು ನಾನು, ಎಷ್ಟು ಕಂಡಿಲ್ಲ?

ಅಕ್ಕ ಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸುತ್ತಿದ್ದಳು. "ನಮ್ಮ ಆಗ್ಲಿಯಪ್ಪ ಕಿತ್ತು ತಂದಿದ್ದು, ನಮ್ಮ ತಂಗಿ ಉಳಿಸಿದ್ದು," ಅನ್ನುತ್ತಿದ್ದಳು. ನಮ್ಮವರು ಹಲ್ಲುಬಿಟ್ಟು ನಿಂತಿದ್ದರು. ಪಾಪ, ಈ ಹೂವಿನ ಅರ್ಥ ಅವರಿಗೂ ಗೊತ್ತಿಲ್ಲ.

"ಹಣ್ಣಿಗೆ ಎಷ್ಟು ತಿಂಗಳು ಬೇಕೇ?"

"ಮೂರೋ ನಾಲ್ಕೋ ಆಗುತ್ತಕ್ಕ," ಎಂದೆ.

"ಇಷ್ಟು ವರ್ಷ ಕಾದವಳಿಗೆ ಅದ್ಯಾವ ಲೆಕ್ಕ!" ಅಕ್ಕ ನೀರು ತುಂಬಿದ ಚೊಂಬನ್ನು ನನ್ನ ಕೈಗಿಟ್ಟಳು. "ತಗೋ, ನೀನೇ ಹಾಕು. ನಿನ್ನ ಕೈಗುಣ ಒಳ್ಳೇದು."

ಹಾಕಿದೆ.