ಮಾವನವರ ಜೇಬುಚಾಕು

ಮಾವ ಹೊಸ ಚಾಕುವಿನ ಅಲಗನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಆಮೇಲೆ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಆ ಎಂಜಲನ್ನು ಅಲಗಿನ ಉದ್ದಕ್ಕೂ ಸವರಿ, ಬಾಗಿಲಿನ ಬೆಳಕಿಗೆ ಹಿಡಿದು ನೋಡಿದರು. ಗಾಜಿನ ಕೌಂಟರಿನ ಮೇಲೆ ಅಂಗಡಿಯವನು ಹಸಿರು ಬಟ್ಟೆ ಹಾಸಿ ಮಡಚುವ ಚಾಕುಗಳನ್ನು ಸಾಲಾಗಿ ಇಟ್ಟಿದ್ದ. ಅರ್ಧ ಸಾಲು ಆಗಲೇ ಮಾವನವರ ಎಂಜಲು ಕಂಡಾಗಿತ್ತು. ಪಕ್ಕದಲ್ಲಿ ಮಗಳ ಕೈ ಹಿಡಿದು ನಿಂತಿದ್ದ ಸೊಸೆ ಗೋಡೆಗೆ ತೂಗುಹಾಕಿದ್ದ ಬೀಗಗಳನ್ನು ಬಹಳ ಆಸಕ್ತಿಯಿಂದ ನೋಡುವವಳಂತೆ ಮುಖ ಆ ಕಡೆ ತಿರುಗಿಸಿದಳು.

"ಇದು ಬೇಡಪ್ಪ," ಎಂದರು ಮಾವ. "ಸ್ಪ್ರಿಂಗು ಸಡಿಲ. ಜೇಬಲ್ಲಿಟ್ಕೊಂಡು ಬಗ್ಗಿದ್ರೆ ತೊಡೆಗೇ ಬಾಯಿ ಹಾಕುತ್ತೆ."

"ನಿಮಗೆ ನಾನೇನು ಹೇಳ್ಲಿ ಯಜಮಾನ್ರೆ," ಎಂದು ಅಂಗಡಿಯವನು ನಕ್ಕ. "ಚಾಕು ಜೊತೆ ಸಂಸಾರ ಮಾಡಿದೋರು ನೀವು."

ಸಂಸಾರ ಮಾಡಿದ್ದು ನಿಜ. ಮಾವ ಸಸಿಗಳ ನರ್ಸರಿಯೊಂದರಲ್ಲಿ ಕಸಿ ಕಟ್ಟುತ್ತಿದ್ದವರು. ಬೆರಳುದ್ದದ ಅಲಗು, ಮರದ ಹಿಡಿ, ಬಲಗಡೆ ಜೇಬು: ಇಷ್ಟೇ ಅವರ ಆಸ್ತಿ. ನಿವೃತ್ತಿಯಾದದ್ದು ಮಾವ ಮಾತ್ರ, ಚಾಕುವಿಗೆ ನಿವೃತ್ತಿ ಇರಲಿಲ್ಲ. ಮನೆಗೆ ಬಂದ ಮೇಲೆ ಅದಕ್ಕೆ ಕೆಲಸ ಇನ್ನೂ ಜಾಸ್ತಿಯಾಯಿತು. ಪಾರ್ಸೆಲ್ಲು ಬಿಚ್ಚುವುದು, ಮೊಮ್ಮಗಳ ಪೆನ್ಸಿಲ್ಲು ಚೂಪು ಮಾಡುವುದು, ಬಚ್ಚಲ ತೂತಿನಲ್ಲಿ ಸಿಕ್ಕಿದ ಕೂದಲು ಎಳೆಯುವುದು, ಉಗುರಿನ ಸಂದು, ಹಲ್ಲಿನ ಸಂದು. ಎಲ್ಲಕ್ಕಿಂತ ಮುಖ್ಯವಾದದ್ದು ಎಡಗಾಲಿನ ಆಣಿ.

ರಜೆಯ ದಿನ ಬೆಳಿಗ್ಗೆ ಮಾವ ಬಾಲ್ಕನಿಯಲ್ಲಿ ಕೂತು ಬಿಸಿನೀರಿನ ಬಕೀಟಿನಲ್ಲಿ ಪಾದ ನೆನೆಸುತ್ತಿದ್ದರು. ನೆಂದು ಬೆಳ್ಳಗಾದ ಪಾದವನ್ನು ತೊಡೆಯ ಮೇಲೆತ್ತಿಕೊಂಡು ಆ ಗಟ್ಟಿ ಚರ್ಮವನ್ನು ಪದರ ಪದರವಾಗಿ ಕೆತ್ತುತ್ತಿದ್ದರು. ಹಳದಿ ಚೂರುಗಳು ಹಳೇ ಪೇಪರಿನ ಮೇಲೆ ಉದುರುತ್ತಿದ್ದವು, ಕೆಲವು ಗಾಳಿಗೆ ಹಾರಿ ಒಣಗಲು ಹಾಕಿದ ಬಟ್ಟೆಗಳಿಗೂ ಅಂಟುತ್ತಿದ್ದವು. ಕೆತ್ತಿ ಮುಗಿದ ಮೇಲೆ ಅಲಗನ್ನು ಪ್ಯಾಂಟಿಗೆ ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ಒರೆಸಿದರೆ ಸ್ನಾನವಾದಂತೆ. "ಪುಟ್ಟೀ, ಬಾ," ಎಂದು ಕೂಗಿ ಅದೇ ಚಾಕುವಿನಲ್ಲಿ ಸೇಬು ಹೆಚ್ಚಿ, ಅಲಗಿನ ತುದಿಗೆ ಸಿಕ್ಕಿಸಿದ ಹೋಳನ್ನು ಮೊಮ್ಮಗಳ ಬಾಯಿಗಿಡುತ್ತಿದ್ದರು. ನಾಲ್ಕು ವರ್ಷದ ಪುಟ್ಟಿ ಮರಿಹಕ್ಕಿಯಂತೆ ಬಾಯಿ ತೆರೆದು ನಿಂತಿರುತ್ತಿದ್ದಳು. ಅಡುಗೆಮನೆಯ ಕಿಟಕಿಯಿಂದ ಇದನ್ನು ನೋಡುವಾಗ ಸೊಸೆ ಮುಖ ಕಿವುಚಿ ಕಿಟಕಿ ಎಳೆದುಕೊಳ್ಳುತ್ತಿದ್ದಳು.

ಅವಳೇನೂ ಮಡಿ ಮೈಲಿಗೆ ಎಂದು ಕುಣಿಯುವ ಹೆಂಗಸಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಹಾಯಕಿ. ದಿನವಿಡೀ ಕಂಡವರ ಬಾಯಿಯ ರಕ್ತ, ಕೀವು, ಎಂಜಲು ನೋಡಿಕೊಂಡೇ ಮಧ್ಯಾಹ್ನದ ಡಬ್ಬಿ ಖಾಲಿ ಮಾಡುವವಳು. ಆದರೆ ಅಲ್ಲಿ ಒಬ್ಬರ ಬಾಯಿಗೆ ಹೋದ ಕೊಕ್ಕೆ ಇನ್ನೊಬ್ಬರ ಬಾಯಿಗೆ ಹೋಗಬೇಕಾದರೆ ಮೊದಲು ಸೋಪಿನಲ್ಲಿ ಉಜ್ಜಬೇಕು, ಆಮೇಲೆ ಮುಚ್ಚಳ ಬಿಗಿದ ಯಂತ್ರದೊಳಗೆ ಹಬೆಯಲ್ಲಿ ಬೇಯಬೇಕು. ಆ ಕೆಲಸ ಅವಳದೇ. ಊರಿನವರ ಬಾಯಿಯನ್ನೆಲ್ಲ ಕಾಪಾಡಿ ಮನೆಗೆ ಬಂದರೆ ತನ್ನ ಮಗಳ ಬಾಯಿಗೆ ಕಾಲಿನ ಆಣಿ.

ಗಂಡನಿಗೆ ಹೇಳಿ ನೋಡಿದ್ದಳು. ಅವನು ಮೊಬೈಲಿನಿಂದ ತಲೆ ಎತ್ತದೆ, "ನಾನೂ ಅದೇ ಚಾಕುವಿನ ಹಣ್ಣು ತಿಂದು ಬೆಳೆದಿರೋದು ಕಣೇ. ಏನಾಗಿದೆ ನಂಗೆ?" ಎಂದಿದ್ದ. ಏನಾಗಿದೆ ಎಂದು ಪಟ್ಟಿ ಕೊಡಲು ಅವಳ ನಾಲಿಗೆ ತುರಿಸಿತ್ತು. "ನೀವೇ ಒಂದು ಮಾತು ಹೇಳಿ," ಎಂದರೆ, "ಅಪ್ಪ ಬೇಜಾರು ಮಾಡ್ಕೋತಾರೆ, ನೀನೇ ನಯವಾಗಿ ಹೇಳು," ಎಂದು ಜಾರಿಕೊಂಡ. ನಯವಾಗಿ ಹೇಳುವುದು ಹೇಗೆ? ಮಾವ ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. ಅವಳಿಗೆ ಜ್ವರ ಬಂದರೆ ಗಂಜಿ ಮಾಡಿ ಮಂಚದ ಹತ್ತಿರ ತಂದಿಡುವವರು ಅವರೇ. ಅವಳು ಕ್ಲಿನಿಕ್ಕಿಗೆ ಹೋದಾಗ ಪುಟ್ಟಿಯನ್ನು ನೋಡಿಕೊಳ್ಳುವವರೂ ಅವರೇ.

ಅಂಥದ್ದರಲ್ಲಿ ಮೊನ್ನೆ ದೇವರು ಕಣ್ಣು ಬಿಟ್ಟ. ಪೇಂಟಿನ ಡಬ್ಬಿಯ ಮುಚ್ಚಳ ಮೀಟಲು ಹೋಗಿ ಮಾವ ಚಾಕುವಿನ ಅಲಗನ್ನು ಬುಡದಲ್ಲೇ ಮುರಿದುಕೊಂಡರು. ಎರಡು ತುಂಡನ್ನೂ ಅಂಗೈಯಲ್ಲಿಟ್ಟುಕೊಂಡು ಅವರು ಸಂಜೆಯವರೆಗೆ ಸಪ್ಪೆ ಮುಖ ಮಾಡಿ ಕೂತಿದ್ದರೆ, ಸೊಸೆ ಅಡುಗೆಮನೆಯಲ್ಲಿ ಹಾಡು ಗುನುಗಿದಳು. ಹೊಸದನ್ನು ತಾನೇ ಕೊಡಿಸುತ್ತೇನೆ ಎಂದಳು. ಒಂದಲ್ಲ, ಎರಡು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ಹಣ್ಣಿಗೆ, ಇನ್ನೊಂದು ಮಿಕ್ಕ ಎಲ್ಲದಕ್ಕೆ. ಯಾರಿಗೂ ಬೇಜಾರಾಗದಂತೆ, ಉಡುಗೊರೆಯ ಹೆಸರಿನಲ್ಲಿ ಮಗಳ ಬಾಯಿಯನ್ನು ಉಳಿಸಿಕೊಳ್ಳಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ.

"ಮಾವ, ಎರಡು ತಗೊಳ್ಳಿ," ಎಂದು ಈಗ ಅಂಗಡಿಯಲ್ಲಿ ಮೆತ್ತಗೆ ಶುರು ಮಾಡಿದಳು. "ಒಂದು ಮನೇಲಿ ಹಣ್ಣುಗಿಣ್ಣು ಹೆಚ್ಚೋಕೆ ಇರಲಿ. ಒಂದು ಜೇಬಿಗೆ."

"ಎರಡ್ಯಾಕಮ್ಮ? ಮನುಷ್ಯನಿಗೆ ಇರೋದು ಒಂದು ಬಲಗೈ."

"ಹಾಗಲ್ಲ. ಹಣ್ಣಿನದು ಬೇರೆ ಇದ್ರೆ ಒಳ್ಳೇದು ಅಂತ."

"ಎರಡಿದ್ರೆ ಎರಡೂ ಕಳೆದುಹೋಗುತ್ತೆ." ಮಾವ ಇನ್ನೊಂದು ಚಾಕು ಎತ್ತಿಕೊಂಡರು. "ನೀನು ಖರ್ಚು ಮಾಡಬೇಡ ತಾಯಿ. ಒಂದೇ ಸಾಕು, ಆದ್ರೆ ಸರಿಯಾಗಿರಬೇಕು."

ಕಂದು ಮರದ ಹಿಡಿಯ, ಯಾವ ಅಲಂಕಾರವೂ ಇಲ್ಲದ ಚಾಕು ಅದು. ಅಲಗಿನ ಬೆನ್ನಿನ ಗೀರಿಗೆ ಉಗುರು ಸಿಕ್ಕಿಸಿ ಬಿಡಿಸಿದಾಗ ಟಕ್ ಎಂದು ಗಟ್ಟಿಯಾಗಿ ನಿಂತಿತು. ಮಾವನವರ ಮುಖ ಅರಳಿತು. ಮಡಚಿದರು, ಬಿಡಿಸಿದರು, ಕಿವಿಯ ಹತ್ತಿರ ಹಿಡಿದು ಮತ್ತೆ ಬಿಡಿಸಿದರು. ಹೆಬ್ಬೆರಳ ಉಗುರಿನ ತುದಿಗೆ ಅಲಗು ಎಳೆದರು. ಉಗುರಿನ ಪುಡಿಯ ಜೊತೆಗೆ ಅಡಿಯಲ್ಲಿದ್ದ ಕಪ್ಪು ಕೊಳೆಯೂ ಎದ್ದು ಬಂತು, ಅದು ಪ್ಯಾಂಟಿಗೆ ಹೋಯಿತು. ಮುಂಗೈಯ ನರೆತ ಕೂದಲು ಬೋಳಿಸಿ ಉಫ್ ಎಂದು ಊದಿದರು. ಕೂದಲು ಹಸಿರು ಬಟ್ಟೆಯ ಮೇಲೆ ಬಿತ್ತು. ಕತ್ತರಿ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಒಂದು ಹೆಜ್ಜೆ ಹಿಂದೆ ಸರಿದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಸೊಸೆ ನಾಲಿಗೆ ಕಚ್ಚಿಕೊಂಡು ಮನೆಗೆ ಬರುತ್ತಿದ್ದಳೇನೋ. ಆದರೆ ಮಾವ ಚಪ್ಪಲಿ ಬಿಟ್ಟು, ಎಡಗಾಲನ್ನು ಸ್ಟೂಲಿನ ಮೇಲಿಟ್ಟು, ಬಗ್ಗಿ ಹಿಮ್ಮಡಿಯ ಒಡಕು ಚರ್ಮಕ್ಕೆ ಅಲಗು ಹಚ್ಚಿದರು. ಸರ್ ಎಂದು ಒಂದು ಸಿಪ್ಪೆ ಬಂತು. ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಅಂಗಡಿಯವನಿಗೆ ತೋರಿಸಿದರು.

"ನೋಡಪ್ಪ, ಹೆಂಗೆ ಬಂತು! ಈರುಳ್ಳಿ ಸಿಪ್ಪೆ ಥರ. ಇದು ಉಕ್ಕು ಅಂದ್ರೆ."

ಅಂಗಡಿಯವನು ಹ್ಞೂಂ ಎಂದ. ಅವನ ನಗು ತುಟಿಯ ಮೇಲೇ ಒಣಗಿತ್ತು. ಮಾವ ಆ ಸಿಪ್ಪೆಯನ್ನು ಕೌಂಟರಿನ ಗಾಜಿನ ಮೇಲಿಟ್ಟು ಇನ್ನೂ ಎರಡು ಎಬ್ಬಿಸಿ ಅದರ ಪಕ್ಕಕ್ಕೆ ಇಟ್ಟರು. ಸೊಸೆಗೆ ಬಾಯಿಯಲ್ಲಿ ನೀರೂರಿತು, ವಾಕರಿಕೆಗೆ ಮುಂಚೆ ಊರುವ ಆ ಉಪ್ಪುಪ್ಪು ನೀರು. ಇವರು ಮನುಷ್ಯರೋ ಮತ್ತೇನೋ ಎನ್ನಿಸಿತು. ಅವರ ಬೋಳಿಸಿದ ಮುಂಗೈ, ಬಿರಿದ ಹಿಮ್ಮಡಿ, ಒದ್ದೆ ತುಟಿ ಯಾವುದನ್ನೂ ನೋಡಲಾಗದೆ ಕಣ್ಣು ಮುಚ್ಚಿದಳು.

ಕಣ್ಣು ಬಿಟ್ಟಾಗ ಮಾವ ಜುಬ್ಬಾದ ಜೇಬಿನಿಂದ ಸೇಬು ತೆಗೆದಿದ್ದರು. ಚಾಕುವಿನ ಪರೀಕ್ಷೆಗೆಂದು ಮನೆಯಿಂದಲೇ ತಂದಿದ್ದರು. ಅಲಗನ್ನು ಪ್ಯಾಂಟಿಗೆ ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ಒರೆಸಿದರು. ಸಿಪ್ಪೆ ಎಲ್ಲೂ ತುಂಡಾಗದೆ ಒಂದೇ ಎಳೆಯಾಗಿ ಇಳಿಯಿತು. ಹೋಳು ಕೊಯ್ದು, ತುದಿಗೆ ಚುಚ್ಚಿ, "ಪುಟ್ಟೀ, ನೀನು ಹೇಳಿದ್ರೆ ಇದನ್ನೇ ತಗೊಳ್ಳೋದು," ಎಂದು ಮೊಮ್ಮಗಳ ಕಡೆ ಚಾಚಿದರು. ಪುಟ್ಟಿ ಬಾಯಿ ತೆರೆದಳು.

"ಮಾವಾ!"

ಇಡೀ ಅಂಗಡಿ ತಿರುಗಿ ನೋಡಿತು. ಸೊಸೆ ಮಗಳ ರಟ್ಟೆ ಹಿಡಿದು ಹಿಂದಕ್ಕೆಳೆದಿದ್ದಳು.

"ಅವಳ ಬಾಯಿಗೆ ಇಡಬೇಡಿ ಅದನ್ನ. ಈಗ ತಾನೇ ಕಾಲು ಕೆತ್ತಿದ್ರಲ್ಲ ಅದ್ರಲ್ಲಿ! ಗಿಡಕ್ಕಾದ್ರೆ ಒಂದೊಂದು ಕಸಿಗೂ ಸ್ಪಿರಿಟ್ಟಲ್ಲಿ ಅದ್ದಿ ತೆಗೀತಿದ್ದೆ ಅಂತ ನೀವೇ ನೂರು ಸಲ ಹೇಳಿದೀರ. ನನ್ನ ಮಗಳು ಗಿಡಕ್ಕಿಂತ ಕಡೆನಾ?"

"ಒರೆಸಿದ್ನಲ್ಲಮ್ಮ," ಎಂದರು ಮಾವ.

"ಪ್ಯಾಂಟಿಗೆ! ನೀವು ಕೊಟ್ಟಿದ್ದು ಇವತ್ತಿನವರೆಗೂ ಒಂದು ಹೋಳೂ ನಾನು ತಿಂದಿಲ್ಲ. ಬಚ್ಚಲಿಗೆ ಹೋಗಿ ಉಗಿದು ಬರ್ತೀನಿ. ಥೂ, ಅಸಹ್ಯ ಆಗುತ್ತೆ ಮಾವ ನಿಮ್ಮನ್ನ ನೋಡಿದ್ರೆ!"

ಚಾಕುವನ್ನು ನೋಡಿದರೆ ಎಂದು ಹೇಳಬೇಕೆಂದಿದ್ದಳು. ಬಾಯಿಗೆ ಬಂದದ್ದು ಬೇರೆ. ಬಂದದ್ದೇ ನಿಜವಾಗಿತ್ತು, ಅದಕ್ಕೇ ತಿದ್ದಿಕೊಳ್ಳಲೂ ಆಗಲಿಲ್ಲ.

ಮಾವ ತಮ್ಮ ಬರಿಗಾಲನ್ನು ನೋಡಿಕೊಂಡರು. ಅದನ್ನು ಮೆಲ್ಲಗೆ ಕೆಳಗಿಳಿಸಿ ಚಪ್ಪಲಿಯೊಳಗೆ ತೂರಿಸಿದರು. ಆಮೇಲೆ ಗಾಜಿನ ಮೇಲಿದ್ದ ಸಿಪ್ಪೆಗಳನ್ನು ಒಂದೊಂದಾಗಿ ಆರಿಸತೊಡಗಿದರು. ಒಂದು ಗಾಜಿಗೆ ಅಂಟಿಕೊಂಡು ಬರಲಿಲ್ಲ, ಉಗುರಿನಿಂದ ಕೆರೆದು ಎಬ್ಬಿಸಿದರು. ಎಲ್ಲವನ್ನೂ ಕರವಸ್ತ್ರದಲ್ಲಿ ಮಡಚಿ ಜೇಬಿಗೆ ಹಾಕಿಕೊಂಡರು.

"ಎರಡು ಕೊಡಪ್ಪ," ಎಂದರು ಅಂಗಡಿಯವನಿಗೆ. "ಇದೊಂದು. ಇನ್ನೊಂದು ನಮ್ಮ ಸೊಸೆ ಹೇಳ್ತಾರೆ."

ಯಾವತ್ತೂ ಏಕವಚನದಲ್ಲಿ ಮಾತಾಡುತ್ತಿದ್ದವರು 'ಹೇಳ್ತಾರೆ' ಎಂದರು. ಸೊಸೆ ನೋಡದೆಯೇ ಕೆಂಪು ಹಿಡಿಯ ಒಂದನ್ನು ಮುಟ್ಟಿದಳು. ಅದರ ಸ್ಪ್ರಿಂಗು ಹೇಗಿದೆ ಎಂದು ಮಾವ ಪರೀಕ್ಷಿಸಲಿಲ್ಲ.

ದಾರಿಯುದ್ದಕ್ಕೂ ಪುಟ್ಟಿ ಇಬ್ಬರ ನಡುವೆ ನಡೆದಳು. ಸೊಸೆಗೆ ತಾನು ಗೆದ್ದೆ ಎಂದು ಗೊತ್ತಿತ್ತು. ತನಗೆ ಬೇಕಾಗಿದ್ದೇ ಆಯಿತು, ಇನ್ನೇಕೆ ಮತ್ತೆ ಮತ್ತೆ ಅದನ್ನೇ ನೆನೆಯಬೇಕು ಎಂದು ತನ್ನ ಮೇಲೇ ರೇಗಿತು. ನಾಲ್ಕು ಜನರ ಎದುರಿಗೆ ಅಂದದ್ದು ತಪ್ಪು, ಅಂದ ವಿಷಯ ತಪ್ಪಲ್ಲ ಎಂದು ಮನಸ್ಸಿನಲ್ಲೇ ವಾದ ಹೂಡಿದಳು. ಆ ಬದಿಯಲ್ಲಿ ನಡೆಯುತ್ತಿದ್ದ ಮಾವ ಎಂದಿನಂತೆ ಗಂಟಲು ಕೆರೆದು ರಸ್ತೆ ಬದಿಗೆ ಉಗಿಯಲು ಹೋದರು. ಉಗಿಯಲಿಲ್ಲ, ನುಂಗಿಕೊಂಡರು. ಅದೂ ಅವಳಿಗೆ ಹೇಸಿಗೆಯೇ ಆಯಿತು.

ಮನೆಗೆ ಬಂದವರೇ ಮಾವ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಲ್ಲಿ ಬಹಳ ಹೊತ್ತು ಸುರಿಯಿತು. ಹೊರಗೆ ಬಂದಾಗ ಕೈಗಳು ಮೊಣಕೈಯವರೆಗೂ ಕೆಂಪಗಾಗಿದ್ದವು. "ಒಂದು ಲೋಟ ಕುದಿಯೋ ನೀರು ಕೊಡಿ," ಎಂದರು. ಮತ್ತೆ ಆ ಬಹುವಚನ. ಅವಳು ಕೊಟ್ಟಳು. ಕೆಂಪು ಚಾಕುವನ್ನು ಅದರಲ್ಲಿ ಮುಳುಗಿಸಿ, ತೆಗೆದು, ಒಗೆದ ಬಟ್ಟೆಯಿಂದ ಒರೆಸಿ, ಬಾಲ್ಕನಿಗೆ ಹೋಗದೆ ಊಟದ ಮೇಜಿನ ಹತ್ತಿರ ಕೂತರು. ಹೊಸ ಸೇಬು ತೊಳೆದು ತಟ್ಟೆಯ ಮೇಲಿಟ್ಟುಕೊಂಡು ಕೊಯ್ದರು. ಚಾಕು ಅಷ್ಟು ಚೆನ್ನಾಗಿರಲಿಲ್ಲ, ಸಿಪ್ಪೆ ತುಂಡು ತುಂಡಾಗಿ ಬಂತು.

"ಪುಟ್ಟೀ," ಎಂದರು. ಹೋಳನ್ನು ಅಲಗಿಗೆ ಸಿಕ್ಕಿಸದೆ ಎರಡು ಬೆರಳಲ್ಲಿ ಹಿಡಿದಿದ್ದರು.

ಪುಟ್ಟಿ ಓಡಿಬಂದು ಮೇಜಿನ ಹತ್ತಿರ ನಿಂತಳು. ಹೋಳನ್ನು ನೋಡಿದಳು, ಹಿಡಿದ ಕೈಯನ್ನು ನೋಡಿದಳು. ತುಟಿ ಬಿಗಿದು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಬೇಡ. ಥೂ. ತಾತ ಅಸಹ್ಯ."

ಹೇಳಿ ಅಮ್ಮನ ಕಡೆ ತಿರುಗಿದಳು. ಕಲಿಸಿದ ಪದ್ಯವನ್ನು ತಪ್ಪಿಲ್ಲದೆ ಒಪ್ಪಿಸಿದಾಗ ಶಹಭಾಸ್‌ಗಿರಿಗೆ ಕಾಯುವ ಮುಖವಿರುತ್ತದಲ್ಲ, ಅದೇ ಮುಖ.

ಮಾವನವರ ಕೈ ಚಾಚಿದಲ್ಲೇ ಇತ್ತು. ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅವರಿಗೆ ಹೊಳೆದಂತಿರಲಿಲ್ಲ.

"ಹಾಗೆಲ್ಲ ಅನ್ನಬಾರದು ಪುಟ್ಟಿ," ಎಂದಳು ಸೊಸೆ. "ತಾತ ತೊಳ್ಕೊಂಡಿದಾರೆ. ಹೊಸ ಚಾಕು. ತಿನ್ನು."

"ನೀನು ತಿನ್ನು."

ಮಾವ ಮಗುವನ್ನು ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ. ಹೋಳನ್ನು ತಟ್ಟೆಗೆ ಹಾಕಲು ಕೈ ಇಳಿಸುತ್ತಿದ್ದರು. ಸೊಸೆ ಎರಡು ಹೆಜ್ಜೆಯಲ್ಲಿ ಮೇಜಿನ ಹತ್ತಿರ ಬಂದು, ಬಗ್ಗಿ, ಅವರ ಬೆರಳುಗಳ ನಡುವಿನಿಂದ ಅದನ್ನು ಬಾಯಲ್ಲೇ ತೆಗೆದುಕೊಂಡಳು.

ಅವರ ಬೆರಳು ಅವಳ ತುಟಿಗೆ ತಾಗಿತು. ಬರೀ ಸೋಪಿನ ವಾಸನೆ. ಆದರೂ ಕಣ್ಣ ಮುಂದೆ ಗಾಜಿಗೆ ಅಂಟಿದ ಸಿಪ್ಪೆ ಬಂತು. ಅಗಿದಳು. ಹಣ್ಣು ಸಿಹಿಯಾಗಿತ್ತು, ಚೆನ್ನಾಗಿತ್ತು. ನುಣ್ಣಗಾದ ಮೇಲೂ ಅಗಿಯುತ್ತಲೇ ಇದ್ದಳು. ಮಾವ ಈಗ ತಲೆ ಎತ್ತಿದ್ದರು. ಪುಟ್ಟಿ ಹಿಂದೆ ಕಟ್ಟಿದ ಕೈ ಬಿಡದೆ, ಕತ್ತು ಮೇಲಕ್ಕೆತ್ತಿ ಅಮ್ಮನ ಗಂಟಲನ್ನೇ ನೋಡುತ್ತಿದ್ದಳು.